ಟ್ಯೂಬು ಹಿಂಡುವ ಮುನ್ನ

ತಲೆನೋವು ಬಂದರೆ ಒಂದು ದಿನ ಕಾದು ನೋಡುತ್ತೀರಿ. ಹೊಟ್ಟೆ ಕೆಟ್ಟರೆ ಮಜ್ಜಿಗೆ ಅನ್ನ ಉಂಡು ಸುಮ್ಮನಿರುತ್ತೀರಿ. ಆದರೆ ಮೈಮೇಲೆ ಒಂದು ಗುಳ್ಳೆ ಎದ್ದರೆ ಸಾಕು, ಅದಕ್ಕೆ ಏನಾದರೂ ಹಚ್ಚದೆ ನಿಮಗೆ ಸಮಾಧಾನವಿಲ್ಲ. ಪಕ್ಕದ ಮನೆಯವರು ಹೇಳಿದ ಸೊಪ್ಪಿನ ರಸ, ಔಷಧಿ ಅಂಗಡಿಯ ಹುಡುಗ ಕೊಟ್ಟ ಟ್ಯೂಬು, ಮೊಬೈಲಿನಲ್ಲಿ ಯಾರೋ ತೋರಿಸಿದ ನಿಂಬೆರಸ, ಕೊನೆಗೆ ಹಲ್ಲುಜ್ಜುವ ಪೇಸ್ಟು. ಒಂದಾದ ಮೇಲೊಂದು ಹಚ್ಚಿ, ಯಾವುದೂ ನಾಟದೆ ಹೋದ ಮೇಲೆ ಡಾಕ್ಟರ ಬಾಗಿಲು ತಟ್ಟುತ್ತೀರಿ. ಆ ಹೊತ್ತಿಗೆ ಮೊದಲು ಬಂದ ರೋಗ ಯಾವುದು, ಹಚ್ಚಿದ್ದರಿಂದ ಆದ ಅನಾಹುತ ಯಾವುದು ಎಂದು ಬಿಡಿಸಿ ನೋಡುವುದೇ ಅವರಿಗೆ ದೊಡ್ಡ ಕೆಲಸವಾಗಿರುತ್ತದೆ. ಹಿರಿಯಳು ಹೇಳುತ್ತಿದ್ದೇನೆ, ಸ್ವಲ್ಪ ಕೂತು ಕೇಳಿಸಿಕೊಳ್ಳಿ.

ಚರ್ಮ ಎಂದರೆ ಮೈಗೆ ಹೊದಿಸಿದ ಬರೀ ಹೊದಿಕೆ ಎಂದು ತಿಳಿದಿದ್ದೀರಿ. ಅದೂ ಹೃದಯ, ಪಿತ್ತಜನಕಾಂಗಗಳ ಹಾಗೆ ಒಂದು ಅಂಗ, ದೇಹದಲ್ಲೇ ಅತಿ ದೊಡ್ಡದು. ಬೆಳೆದವರ ಚರ್ಮವನ್ನು ಅಳೆದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರಲ್ಲಿ ಮೂರು ಪದರಗಳಿವೆ. ಎಲ್ಲಕ್ಕಿಂತ ಮೇಲಿನದು ಹೊರಚರ್ಮ. ಅದರ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಮೇಲೇರುತ್ತ ಒಣಗಿ, ಹೆಚ್ಚುಕಡಿಮೆ 28 ದಿನಗಳಲ್ಲಿ ಉದುರಿಹೋಗುತ್ತವೆ. ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದೂ ಆ ತಳದಲ್ಲೇ. ನಡುವಿನ ಒಳಚರ್ಮದಲ್ಲಿ ರಕ್ತನಾಳಗಳು, ನರದ ತುದಿಗಳು, ಕೂದಲಿನ ಬುಡ, ಜಿಡ್ಡಿನ ಗ್ರಂಥಿ, ಬೆವರಿನ ಗ್ರಂಥಿ ಎಲ್ಲವೂ ಇವೆ. ಬೆವರಿನ ಗ್ರಂಥಿಗಳೇ 20 ರಿಂದ 40 ಲಕ್ಷ. ಅದರ ಕೆಳಗಿರುವುದು ಕೊಬ್ಬಿನ ಪದರ. ಪೆಟ್ಟು ಬಿದ್ದರೆ ತಡೆದುಕೊಳ್ಳಲು, ಚಳಿಗೆ ಮೈ ಬೆಚ್ಚಗಿಡಲು ಅದು ಬೇಕು.

ಇದರಲ್ಲಿ ನೀವು ನೆನಪಿಡಬೇಕಾದ ಒಂದು ಅಳತೆ ಇದೆ. ಹೊರಚರ್ಮ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕಣ್ಣಿನ ರೆಪ್ಪೆಯ ಮೇಲೆ ಅದು ಸುಮಾರು 0.05 ಮಿಲಿಮೀಟರ್, ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್. ಮೂವತ್ತು ಪಟ್ಟು ವ್ಯತ್ಯಾಸ. ಕಾಲಿಗೆಂದು ಬರೆದುಕೊಟ್ಟ ಮುಲಾಮನ್ನು ಮುಖಕ್ಕೂ ಹಚ್ಚಿದರೆ ಏನಾದೀತು ಎಂದು ನೀವೇ ಯೋಚಿಸಿ. ತೆಳುವಾದ ಜಾಗದಲ್ಲಿ ಔಷಧ ಸಲೀಸಾಗಿ ಒಳಗಿಳಿಯುತ್ತದೆ, ಅದರ ಕೆಡುಕೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಯಾವ ಜಾಗಕ್ಕೆ ಕೊಟ್ಟರೋ ಆ ಜಾಗಕ್ಕೆ ಮಾತ್ರ ಹಚ್ಚಿ.

ಇನ್ನು ಸ್ನಾನದ ವಿಷಯ. ಹಂಡೆಯಲ್ಲಿ ಕುದಿಯುವ ನೀರು, ದಿನಕ್ಕೆ ಎರಡು ಸಲ ಸೋಪು, ಮೇಲಿಂದ ಹೀರೆಕಾಯಿ ನಾರು. ಹೀಗೆ ತಿಕ್ಕಿದರೇನೇ ಸ್ವಚ್ಛ ಎಂದು ನಂಬಿದ್ದೀರಿ. ಹೊರಚರ್ಮದ ಮೇಲ್ಭಾಗ ಕಲ್ಲು ಗಾರೆ ಸೇರಿಸಿ ಕಟ್ಟಿದ ಗೋಡೆ ಇದ್ದಂತೆ: ಒಣಗಿದ ಕೋಶಗಳು ಕಲ್ಲು, ಅವುಗಳ ನಡುವಿನ ಜಿಡ್ಡು ಗಾರೆ. ಸುಡುನೀರೂ ಸೋಪೂ ಸೇರಿ ಆ ಗಾರೆಯನ್ನೇ ತೊಳೆದುಬಿಡುತ್ತವೆ. ಚರ್ಮದ ಮೇಲ್ಮೈಗೆ ತುಸು ಹುಳಿಗುಣ ಇರಬೇಕು, ಪಿಎಚ್ ಅಳತೆಯಲ್ಲಿ 4.5 ರಿಂದ 5.5. ಸಾಮಾನ್ಯ ಸೋಪಿನದು 9 ರಿಂದ 10, ಅಂದರೆ ಪೂರಾ ಕ್ಷಾರ. ಆಮೇಲೆ ಮೈ ಬಿರಿಯುತ್ತದೆ, ತುರಿಸುತ್ತದೆ, ತುರಿಸಿದಲ್ಲಿ ಇಸುಬು ಏಳುತ್ತದೆ. ಅತಿಯಾದರೆ ಅಮೃತವೂ ವಿಷ ಎನ್ನುವುದು ಸ್ವಚ್ಛತೆಗೂ ಸಲ್ಲುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಕಂಕುಳು, ತೊಡೆಸಂದು, ಪಾದಗಳಿಗೆ ಸೋಪು ಬೇಕು, ಉಳಿದ ಕಡೆಗೆ ಕೈಯಲ್ಲೇ ಹಗುರವಾಗಿ ಸವರಿದರೆ ಆಯಿತು. ಒರೆಸಿಕೊಂಡ ಕೂಡಲೇ, ಮೈಯಲ್ಲಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಸಾದಾ ವ್ಯಾಸಲೀನನ್ನೋ ಹಚ್ಚಿ. ಕಲಬುರಗಿ, ರಾಯಚೂರಿನ ಒಣ ಚಳಿಗಾಲದಲ್ಲಿ ಇದನ್ನು ಮರೆಯಲೇಬೇಡಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಇಷ್ಟು ಎಣ್ಣೆ ಬೇಡ, ಬೆವರುಸಾಲೆ ಹೆಚ್ಚಾಗುತ್ತದೆ. ಮೊಡವೆ ಇರುವವರು ಮುಖಕ್ಕೆ ಎಣ್ಣೆ ಸೋಕಿಸಬೇಡಿ. ಕೂಸಿನ ಮೈಮೇಲಿನ ನವಿರು ಕೂದಲು ಹೋಗಲೆಂದು ಹಿಟ್ಟಿನ ಉಂಡೆಯಿಂದ ಉಜ್ಜುವುದನ್ನಂತೂ ಇವತ್ತೇ ನಿಲ್ಲಿಸಿ. ಆ ಕೂದಲು ತಾನಾಗಿ ಉದುರುತ್ತದೆ, ಕೂಸಿನ ಚರ್ಮ ಸುಲಿಯುವುದು ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹುಳುಕಡ್ಡಿ, ಕೆಲವು ಕಡೆ ಗಜಕರ್ಣ ಎನ್ನುತ್ತಾರೆ, ಈಗ ಮನೆಮನೆಯಲ್ಲೂ ಇದೆ. ಹುಳು ಎಂದು ಹೆಸರಿದ್ದರೂ ಅದು ಹುಳುವಿನಿಂದ ಬರುವುದಲ್ಲ, ಶಿಲೀಂಧ್ರದಿಂದ ಬರುವುದು. ಸರಿಯಾಗಿ ಗಮನಿಸಿದರೆ ಗುರುತಿಸುವುದು ಸುಲಭ. ನಾಣ್ಯದ ಗಾತ್ರದ ಒಂದು ಉಂಗುರ; ಅಂಚು ಕೆಂಪಗೆ ತುಸು ಎದ್ದಿರುತ್ತದೆ, ಅಂಚಿನುದ್ದಕ್ಕೂ ಸಣ್ಣ ಹೊಟ್ಟು, ನಡುವಿನ ಭಾಗ ವಾಸಿಯಾದಂತೆ ಕಾಣುತ್ತದೆ. ದಿನ ಕಳೆದಂತೆ ಉಂಗುರ ಅಗಲವಾಗುತ್ತದೆ. ತೊಡೆಸಂದು, ಸೊಂಟ, ಎದೆಯ ಕೆಳಗೆ, ಎಲ್ಲಿ ಬೆವರು ನಿಲ್ಲುತ್ತದೋ ಅಲ್ಲಿ ಅದರ ಬಿಡಾರ.

ತುರಿಕೆ ತಾಳದೆ ಔಷಧಿ ಅಂಗಡಿಗೆ ಹೋಗುತ್ತೀರಿ. ಸಂಕೋಚದಿಂದ ಜಾಗ ತೋರಿಸುವುದಿಲ್ಲ, ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಅನ್ನುತ್ತೀರಿ. ಅವರು ಕೊಡುವ ಟ್ಯೂಬಿನಲ್ಲಿ ಬಹಳ ಸಲ ಮೂರು ಔಷಧಗಳ ಬೆರಕೆ ಇರುತ್ತದೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಪ್ರಬಲವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಎರಡೇ ದಿನದಲ್ಲಿ ಕೆಂಪು, ತುರಿಕೆ ಎಲ್ಲವನ್ನೂ ಅಡಗಿಸುತ್ತದೆ. ನೀವು ಖುಷಿಯಿಂದ ನಾಲ್ಕು ಜನಕ್ಕೆ ಆ ಟ್ಯೂಬಿನ ಹೆಸರು ಹೇಳುತ್ತೀರಿ. ಆದರೆ ಅದು ಅಡಗಿಸಿದ್ದು ಚರ್ಮ ನಡೆಸುತ್ತಿದ್ದ ಹೋರಾಟವನ್ನೇ. ತಡೆಯುವವರಿಲ್ಲದೆ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಹಚ್ಚುವುದು ನಿಲ್ಲಿಸಿದೊಡನೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಆಗ ಉಂಗುರದೊಳಗೆ ಉಂಗುರ ಕಾಣಿಸುತ್ತದೆ. ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನ ಚರ್ಮ ಕಾಗದದಂತೆ ತೆಳುವಾಗಿ, ನೇರಳೆ ಬಣ್ಣದ ಗೀರುಗಳು ಬೀಳುತ್ತವೆ. ಆ ಗೀರು ಪೂರ್ತಿ ಮಾಸುವುದಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗಾಗುತ್ತದೆ. ಮಾಮೂಲು ಔಷಧಕ್ಕೆ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಇಷ್ಟು ಹಬ್ಬಲು ಈ ಬೆರಕೆ ಟ್ಯೂಬುಗಳೂ ಒಂದು ದೊಡ್ಡ ಕಾರಣ ಎಂದು ಚರ್ಮವೈದ್ಯರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. 2018 ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಇಲ್ಲದೆ ಕೇಳುವವರು ಇರುವವರೆಗೆ ಕೊಡುವವರೂ ಇರುತ್ತಾರೆ. ಆದ್ದರಿಂದ ಕೇಳುವುದನ್ನು ನೀವು ಬಿಡಿ.

ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಒಮ್ಮೆ ಹೊರಗೆ ತೆಗೆಯಿರಿ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಈ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಎಂದರೆ ವಿಷ ಎಂದು ಹೆದರಿ ಓಡಬೇಡಿ. ಇಸುಬಿಗೆ, ಸೋರಿಯಾಸಿಸ್‌ಗೆ ವೈದ್ಯರು ಇಷ್ಟು ದಿನ, ಇಂಥ ಜಾಗಕ್ಕೆ ಎಂದು ಲೆಕ್ಕ ಹಾಕಿ ಕೊಟ್ಟಾಗ ಅದು ಒಳ್ಳೆಯ ಔಷಧ. ಹುಳುಕಡ್ಡಿಗೆ ಮಾತ್ರ ನೀವಾಗಿ ಅದನ್ನು ಮುಟ್ಟಬಾರದು. ಬಹಳ ದಿನದಿಂದ ಮುಖಕ್ಕೆ ಹಚ್ಚುತ್ತಿದ್ದರೆ ದಿಢೀರನೆ ನಿಲ್ಲಿಸಿದಾಗ ಮುಖ ಉರಿದು ಕೆಂಪಾಗುತ್ತದೆ, ಅದನ್ನು ವೈದ್ಯರನ್ನು ಕೇಳಿಯೇ ಬಿಡಿ.

ಹುಳುಕಡ್ಡಿಗೆ ಕೊಟ್ಟ ಔಷಧವನ್ನು ಉಂಗುರದ ಆಚೆಗೂ ಎರಡು ಬೆರಳಗಲ ಹಚ್ಚಬೇಕು. ಕಲೆ ಮಾಯವಾದ ದಿನ ನಿಲ್ಲಿಸುವುದಲ್ಲ, ಹೇಳಿದಷ್ಟು ವಾರ ಪೂರ್ತಿ ಮುಗಿಸಬೇಕು. ಅರ್ಧಕ್ಕೆ ಬಿಡುವವರೇ ಜಾಸ್ತಿ, ಅವರಿಗೇ ಅದು ಮತ್ತೆ ಬರುವುದೂ ಜಾಸ್ತಿ. ಟವೆಲ್, ಒಳಉಡುಪು, ಹಾಸಿಗೆ ಒಬ್ಬರದು ಇನ್ನೊಬ್ಬರು ಬಳಸಬೇಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ, ಹೊಲಿಗೆಯ ಮೇಲೆ ಇಸ್ತ್ರಿ ಎಳೆಯಿರಿ. ಮೈಗಂಟುವ ಜೀನ್ಸ್ ಕೆಲವು ದಿನ ಬೀರುವಿನಲ್ಲೇ ಇರಲಿ. ಸೊಂಟದ ಉಡಿದಾರ ಸದಾ ಬೆವರಿನಿಂದ ಒದ್ದೆಯಾಗಿ ಶಿಲೀಂಧ್ರಕ್ಕೆ ಮನೆಯಾಗುತ್ತದೆ. ತೆಗೆಯಲು ಮನಸ್ಸು ಬಾರದಿದ್ದರೆ ಗುಣವಾಗುವವರೆಗಾದರೂ ದೇವರ ಮುಂದೆ ತೆಗೆದಿಡಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಮತ್ತೊಬ್ಬರಿಗೂ ಇದ್ದರೆ ಇಬ್ಬರೂ ಒಟ್ಟಿಗೇ ಚಿಕಿತ್ಸೆ ತೆಗೆದುಕೊಳ್ಳಿ.

ಇದೇ ಸ್ಟೀರಾಯ್ಡ್ ಬೆಳ್ಳಗಾಗುವ ಕ್ರೀಮಿನ ಹೆಸರಿನಲ್ಲೂ ಮನೆಗೆ ಬರುತ್ತದೆ. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಹಚ್ಚಿಸುವವರು ತಾಯಂದಿರೇ. ಮೊದಲ ವಾರ ಮುಖ ಬೆಳಗುತ್ತದೆ, ಆಮೇಲೆ ಮೊಡವೆ, ಗಲ್ಲದ ಮೇಲೆ ಕೂದಲು, ರಕ್ತನಾಳದ ಕೆಂಪು ಗೆರೆಗಳು, ಬಿಸಿಲಿಗೆ ಹೋದರೆ ಉರಿ. ಹೆಸರು ದೆಸೆಯಿಲ್ಲದ ಇನ್ನು ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2023 ರಲ್ಲಿ ಕೇರಳದ ಮಲಪ್ಪುರಂ ಕಡೆ ಹೀಗೆ ಮೂತ್ರಪಿಂಡಕ್ಕೆ ತೊಂದರೆಯಾದವರು ಆಸ್ಪತ್ರೆ ಸೇರಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ, ಮಗಳ ಮೇಲೆ ಪ್ರಯೋಗ ಮಾಡಬೇಡಿ. ಬಣ್ಣ ಕೊಡುವ ಕೋಶಗಳ ಎಣಿಕೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಷ್ಟು, ಎಂಥದು ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಆ ಮೆಲನಿನ್ ಬಿಸಿಲಿನ ಕೆಟ್ಟ ಕಿರಣಗಳಿಂದ ಕಾಯುತ್ತದೆ, ಅದಕ್ಕೇ ನಮ್ಮ ಜನಕ್ಕೆ ಚರ್ಮದ ಕ್ಯಾನ್ಸರ್ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ: ಅಂಗಾಲಿನಲ್ಲಿ ಹೊಸದಾಗಿ ಕಂಡು ಬೆಳೆಯುತ್ತಿರುವ ಕಪ್ಪು ಮಚ್ಚೆ, ವಾರಗಟ್ಟಲೆ ಮಾಯದ ಹುಣ್ಣು ಇದ್ದರೆ ತೋರಿಸಿ.

ಕೆನ್ನೆಯ ಮೇಲೆ ಬಂಗು ಇರುವವರಿಗೆ ಬೇಕಾದದ್ದು ಬಿಸಿಲಿನಿಂದ ನೆರಳು. ಹೊರಗೆ ಹೋಗುವಾಗ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್, ಎರಡು ಮೂರು ಗಂಟೆಗೊಮ್ಮೆ ಮತ್ತೆ, ಜೊತೆಗೆ ಕೊಡೆ ಅಥವಾ ಸೆರಗು. ಹಾಗೆಂದು ಬಿಸಿಲನ್ನೇ ದೂರ ಮಾಡಬೇಡಿ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬಿಸಿಲು ಬೇಕು. ಮುಖ ಮರೆಮಾಡಿ, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ನಿಂಬೆರಸ ಹಚ್ಚಿಕೊಂಡು ಮಾತ್ರ ಬಿಸಿಲಿಗೆ ಹೋಗಬೇಡಿ, ಅದು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸುತ್ತದೆ.

ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗಿರುವ ಮಕ್ಕಳನ್ನು ‘ಸರಿಯಾಗಿ ತಿಕ್ಕಿಕೊಳ್ಳುವುದಿಲ್ಲ’ ಎಂದು ಬಯ್ಯುವ ತಾಯಂದಿರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಕೊಳೆಯಲ್ಲ. ತೂಕ ಹೆಚ್ಚಿ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಕೊಡುವ ಮುನ್ಸೂಚನೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ತಿಕ್ಕಿದಷ್ಟೂ ಕಪ್ಪಾಗುತ್ತದೆ. ಮಗುವನ್ನು ಆಟಕ್ಕೆ ಕಳಿಸಿ, ಬೇಕರಿ ತಿಂಡಿ ಕಡಿಮೆ ಮಾಡಿ, ಸಕ್ಕರೆ ಪರೀಕ್ಷೆ ಮಾಡಿಸಿ.

ಹಾಸ್ಟೆಲಿನಿಂದ ರಜೆಗೆ ಬಂದ ಮಕ್ಕಳು ರಾತ್ರಿ ಹೊತ್ತು ಹೆಚ್ಚು ತುರಿಸಿಕೊಳ್ಳುತ್ತಿದ್ದರೆ ಬೆರಳ ಸಂದುಗಳನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಗುಳ್ಳೆಗಳು, ಕೂದಲೆಳೆಯಂಥ ಸೊಟ್ಟ ಗೆರೆ ಕಂಡರೆ ಅದು ಕಜ್ಜಿ ಇರಬಹುದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕೀಟ ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಟ್ಟಿರುತ್ತದೆ, ಆ ಗೆರೆ ಅದರ ಬಿಲ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ತುರಿಕೆ ಇರುವ ಮಗುವಿಗೆ ಮಾತ್ರ, ಗುಳ್ಳೆ ಇರುವ ಕಡೆ ಮಾತ್ರ ಔಷಧ ಹಚ್ಚುತ್ತಾರೆ. ವೈದ್ಯರು ಸಾಮಾನ್ಯವಾಗಿ ಕೊಡುವ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ, ಉಗುರ ಸಂದು, ಹೊಕ್ಕುಳು ಬಿಡದೆ, ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಮನೆಯವರೆಲ್ಲರೂ, ತುರಿಕೆ ಇಲ್ಲದವರೂ, ಅದೇ ರಾತ್ರಿ ಹಚ್ಚಬೇಕು. ಹೇಳಿದರೆ ವಾರದ ಮೇಲೆ ಇನ್ನೊಮ್ಮೆ. ಮನೆಯಲ್ಲಿ ಕೂಸೋ ಬಸುರಿಯೋ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಹಾಸಿಗೆ ಬಟ್ಟೆ ಬಿಸಿನೀರಿಗೆ, ಬಿಸಿಲಿಗೆ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಪಕ್ಕಕ್ಕಿಡಿ. ಕೀಟ ಸತ್ತ ಮೇಲೂ ಎರಡು ನಾಲ್ಕು ವಾರ ತುರಿಕೆ ಇರಬಹುದು, ಅದಕ್ಕೆ ಹೆದರಿ ದಿನಾ ಔಷಧ ಬಳಿಯಬೇಡಿ.

ಬಿಳಿ ಕಲೆ ಕಂಡರೆ ಮನೆಯವರ ಮುಖ ಕಪ್ಪಿಡುತ್ತದೆ. ತೊನ್ನು ಅಂಟುರೋಗವಲ್ಲ, ಜೊತೆಗೆ ಉಂಡರೆ, ಮುಟ್ಟಿದರೆ ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಬಣ್ಣದ ಕೋಶಗಳ ಮೇಲೆ ಬೀಳುವುದರಿಂದ ಆಗುವಂಥದು. ಮೀನು ಹಾಲು ಒಟ್ಟಿಗೆ ತಿಂದದ್ದರಿಂದಲೂ ಅಲ್ಲ, ಯಾರ ಪಾಪದಿಂದಲೂ ಅಲ್ಲ. ಬೇಗ ತೋರಿಸಿದರೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ಹಣೆಯಲ್ಲಿ ಬೊಟ್ಟಿಡುವ ಜಾಗದಲ್ಲಷ್ಟೇ ಬೆಳ್ಳಗಾದರೆ ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕ ಕಾರಣವಿರಬಹುದು, ಅದನ್ನು ಕೂಡಲೇ ಬಿಡಿ. ತಲೆಗೆ ಬಣ್ಣ ಹಚ್ಚಿದ ಮೇಲೆ ಹಣೆ, ಕಿವಿಯ ಹಿಂದೆ ತುರಿಸಿ ನೀರು ಜಿನುಗಿದರೂ ಹಾಗೆಯೇ. ಮುಂದಿನ ಸಲ ಹಚ್ಚಿದರೆ ಇನ್ನೂ ಜೋರಾಗುತ್ತದೆ.

ಕಲೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಮಾತೇ ಬೇರೆ. ಬಣ್ಣ ಮಾಸಿದ ಅಥವಾ ತುಸು ಕೆಂಪಾದ ಮಚ್ಚೆ, ತುರಿಕೆ ಇಲ್ಲ, ನೋವಿಲ್ಲ. ನೋವಿಲ್ಲವೆಂದೇ ಅದನ್ನು ವರ್ಷಗಟ್ಟಲೆ ಬಿಟ್ಟುಬಿಡುತ್ತೀರಿ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ ನೋಡಿ. ತಿಳಿಯದಿದ್ದರೆ ಮರುದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕುಷ್ಠರೋಗದ ಪರೀಕ್ಷೆ ಆಗಬೇಕು. ಆ ಹೆಸರು ಕೇಳಿ ಬೆಚ್ಚಬೇಡಿ. ರೋಗಾಣುವನ್ನು ಹ್ಯಾನ್ಸನ್ 1873 ರಲ್ಲೇ ಕಂಡುಹಿಡಿದರು. ಈಗ ಅದಕ್ಕೆ 6 ತಿಂಗಳ ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆ ಇದೆ, ಪೂರ್ತಿ ಉಚಿತ. ಚಿಕಿತ್ಸೆ ಶುರುವಾದ ಸ್ವಲ್ಪ ದಿನದಲ್ಲೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ತಡಮಾಡಿದರೆ ನರ ಸತ್ತು ಬೆರಳು ಮುರುಟುತ್ತದೆ, ಆಮೇಲೆ ರೋಗ ಹೋದರೂ ಬೆರಳು ನೇರವಾಗುವುದಿಲ್ಲ.

ಸರ್ಪಸುತ್ತು ಬಂದರೆ ಕೆಮ್ಮಣ್ಣು ಬಳಿಸಿಕೊಂಡು, ಮಂತ್ರ ಹಾಕಿಸಿಕೊಂಡು ದಿನ ಕಳೆಯುವ ರೂಢಿ ಇನ್ನೂ ಹೋಗಿಲ್ಲ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್, ಅದರ ವೈರಸ್ ನರದಲ್ಲಿ ಅಡಗಿ ಕೂತು ಮತ್ತೆ ಎದ್ದಿರುತ್ತದೆ. ಒಂದು ನರದ ದಾರಿಯಲ್ಲಿ ಬರುವುದರಿಂದ ಮೈಯ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆ ಏಳುತ್ತದೆ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎನ್ನುವುದು ಸುಳ್ಳು. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡುವುದು ಒಳ್ಳೆಯದು ಎನ್ನುವುದು ನಿಜ. ಕಣ್ಣಿನ ಹತ್ತಿರ ಬಂದಿದ್ದರೆ ಒಂದು ಗಂಟೆಯೂ ಕಾಯಬೇಡಿ.

ಗದ್ದೆಯಲ್ಲಿ, ಕೆಸರಿನಲ್ಲಿ ನಿಲ್ಲುವವರು ಮನೆಗೆ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಕೆಸರುಹುಣ್ಣಿಗೆ ಅರ್ಧ ಔಷಧ ಅದೇ. ಪಾರ್ಥೇನಿಯಂ ಗಿಡ ಕೀಳುವಾಗ ಕೈಗೆ ಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ. ಅದು ಒಗ್ಗದವರಿಗೆ ರೆಪ್ಪೆ, ಕತ್ತು, ಮೊಣಕೈ ಮಡಿಕೆ ದಪ್ಪಗಾಗಿ ವರ್ಷವರ್ಷವೂ ಕಾಡುತ್ತದೆ. ಸಕ್ಕರೆ ಕಾಯಿಲೆ ಇರುವವರು ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ನೋಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಾಲಿನ ಹುಣ್ಣಿಗೆ ಬೇಕು.

ಅಡುಗೆಮನೆಯಲ್ಲಿ ಕೈ ಸುಟ್ಟರೆ ನಲ್ಲಿಯ ಕೆಳಗೆ ಹಿಡಿಯಿರಿ, 20 ನಿಮಿಷ. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಎರಡು ನಿಮಿಷಕ್ಕೆ ತೆಗೆಯಬೇಡಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಮಂಜುಗಡ್ಡೆ, ಪೇಸ್ಟು, ಕಾಫಿಪುಡಿ, ಶಾಯಿ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಚರ್ಮದ ವೈದ್ಯರ ಬಳಿ ಹೋಗಲು ನಿಮಗೆ ಇರುವ ಸಂಕೋಚ ನನಗೆ ಗೊತ್ತು. ಬಾಗಿಲ ಮೇಲೆ ‘ಚರ್ಮ ಮತ್ತು ಲೈಂಗಿಕ ರೋಗ’ ಎಂದು ಬರೆದಿರುತ್ತದೆ, ಆ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ನೋಡಿದರೆ ಎಂಬ ಅಳುಕು. ಎರಡೂ ಒಂದೇ ವಿಭಾಗದಲ್ಲಿ ಕಲಿಸುವ ವಿದ್ಯೆ, ಅಷ್ಟೇ. ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ, ಖರ್ಚೂ ಹೆಚ್ಚಿಲ್ಲ. ಹೋಗುವ ದಿನ ಪೌಡರ್, ಕ್ರೀಮ್ ಏನೂ ಬಳಿದುಕೊಳ್ಳಬೇಡಿ. ಗುಳ್ಳೆ ಬಂದು ಹೋಗುವಂಥದಾದರೆ, ಪಿತ್ತದ ಗಂಧೆಯ ಹಾಗೆ, ಬಂದಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ. ತೊಡೆಸಂದಾದರೂ ಬಾಯಲ್ಲಿ ಹೇಳಿ ಮುಗಿಸದೆ ತೋರಿಸಿ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದದ್ದನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿ. ಬಯ್ದರೆ ಬಯ್ಯಲಿ, ಯಾವುದನ್ನೂ ಮುಚ್ಚಿಡಬೇಡಿ.